ಲೀಗಿನವರು ಸಸ್ಪೆಂಡ್ ಮಾಡಿದ್ರೆ ಎಂತ ಮಾಡುದು? ಶೋಕಾಸ್ ನೋಟೀಸಿನಿಂದ ಹೈಕೋರ್ಟಿನವರೆಗೆ ಆಟಗಾರರಿಗೊಂದು ಸಮಗ್ರ ಮಾರ್ಗದರ್ಶಿ

ಹೋದ ಮಳೆಗಾಲದಲ್ಲಿ ಒಂದು ಶನಿವಾರ ಸಂಜೆ ಕಾಪು ಕಡೆಯ ಒಬ್ಬ ಕಬಡ್ಡಿ ಹುಡುಗ ನಮ್ಮ ವಕೀಲಿ ಆಫೀಸಿಗೆ ಬಂದ. ಉಡುಪಿಯಲ್ಲಿ ಅಜ್ಜರಕಾಡು ಮೈದಾನದಿಂದ ನಡ್ಕೊಂಡು ಬರುವಷ್ಟೇ ದೂರ, ಆದ್ರೂ ಮೈಯೆಲ್ಲ ಚಂಡಿ, ಕೈಯಲ್ಲಿ ಗ್ಲಾಸ್ ಒಡೆದ ಫೋನು. "ಅಣ್ಣ, ನನ್ನನ್ನು 8 ಮ್ಯಾಚ್ ಸಸ್ಪೆಂಡ್ ಮಾಡಿದ್ದಾರೆ" ಅಂದ. ಲೆಟರ್ ತೋರ್ಸು ಅಂದ್ರೆ ಲೆಟರೇ ಇಲ್ಲ, ಟೀಮ್ ಮ್ಯಾನೇಜರ್ ವಾಟ್ಸಾಪಲ್ಲಿ ಹಾಕಿದ ನಾಲ್ಕು ಲೈನಂತೆ, ಅದನ್ನಾದ್ರೂ ನೋಡುವ ಅಂದ್ರೆ ಫೋನ್ ಸ್ವಿಚ್ ಆಫ್. ಅವನ ಫೋನಿಗೆ ಆಗುವ ಚಾರ್ಜರ್ ನಮ್ಮಲ್ಲಿ ಇರ್ಲಿಲ್ಲ, ಕೆಳಗಿನ ಜೆರಾಕ್ಸ್ ಅಂಗಡಿಯಿಂದ ತಂದು ಹಾಕಿ ಅರ್ಧ ಗಂಟೆ ಚಾ ಕುಡಿತಾ ಕೂತದ್ದು. ಆನ್ ಆದ್ಮೇಲೆ ನೋಡಿದ್ರೆ ಮ್ಯಾನೇಜರ್ ಮೆಸೇಜಿನ ಕೆಳಗೆ ಇವನದ್ದೇ ರಿಪ್ಲೈ, ರಾತ್ರಿ 11.40ಕ್ಕೆ: "ಸಾರಿ ಸರ್ ನಂದೇ ತಪ್ಪು ಇನ್ನೊಮ್ಮೆ ಆಗುದಿಲ್ಲ."

ಸಾವು ಮಾರಾಯ. ಅಪೀಲಿಗೆ 7 ದಿನ ಟೈಮ್ ಇತ್ತು, ಅವ ಬಂದದ್ದು 19ನೇ ದಿನ.

ಎದುರಿನ ಟೀಮಿನವನಿಗೆ ಹೊಡೆದದ್ದು ಹೌದಾ ಅಲ್ವಾ ಅಂತ ನಾನು ಅವನತ್ರ ಮೊದ್ಲು ಕೇಳ್ಲೇ ಇಲ್ಲ. ಇಂಥ ಕೇಸಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೇದು, ಶಿಕ್ಷೆ ಕೊಟ್ಟದ್ದು ಯಾರು, ಯಾವ ರೂಲಿನಲ್ಲಿ. ಎರಡನೇದು, ಸೀಸನ್ ಮುಗಿಲಿಕ್ಕೆ ಇನ್ನು ಎಷ್ಟು ದಿನ ಉಂಟು. ಈ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಅಂತ ಲೀಗಿಗೆ ಹೋಗುವ ಮಕ್ಕಳು ಜಾಸ್ತಿ ಆಗಿದ್ದಾರೆ, ಕಾಂಟ್ರ್ಯಾಕ್ಟಿಗೆ ಸೈನ್ ಹಾಕುವಾಗ ಓದುವವರು ಮಾತ್ರ ಜಾಸ್ತಿ ಆಗ್ಲಿಲ್ಲ, ಹಾಗಾಗಿ ಒಮ್ಮೆ ಉದ್ದಕ್ಕೆ ಬರೆದು ಇಡುವ ಅಂತ ಕೂತದ್ದು. ನಿಮ್ಮ ಕೇಸಿನ ಕಾಗದ ನಿಮ್ಮ ವಕೀಲರೇ ನೋಡ್ಬೇಕು, ಅದು ಬೇರೆ ವಿಷಯ.

1. ಯಜಮಾನ ಯಾರು ಅಂತ ಗೊತ್ತು ಮಾಡ್ಕೊಳ್ಳಿ

ಆಟಗಾರನ ಮಂಡೆ ಮೇಲೆ ಒಂದೇ ಟೈಮಲ್ಲಿ ನಾಲ್ಕೈದು ಯಜಮಾನರು ಇರ್ತಾರೆ. ಮೈದಾನದಲ್ಲಿ ಮ್ಯಾಚ್ ರೆಫ್ರಿ, ದುಡ್ಡು ಕೊಡುವ ಫ್ರಾಂಚೈಸಿ, ಟೂರ್ನಮೆಂಟ್ ನಡೆಸುವ ಲೀಗ್, ಅದ್ರ ಮೇಲೆ ರಾಜ್ಯ ಅಸೋಸಿಯೇಶನ್, ರಾಷ್ಟ್ರೀಯ ಫೆಡರೇಶನ್, ಡೋಪಿಂಗ್ ಆದ್ರೆ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ). ಒಂದೇ ತಪ್ಪಿಗೆ ಇಬ್ರು ಶಿಕ್ಷೆ ಕೊಡ್ಲಿಕ್ಕೂ ಆಗ್ತದೆ. 2008ರ ಮೊದಲ ಐಪಿಎಲ್‌ನಲ್ಲಿ ಹರ್ಭಜನ್ ಸಿಂಗ್ ಶ್ರೀಶಾಂತ್ ಕೆನ್ನೆಗೆ ಬಾರಿಸಿದ್ದು ನೆನಪಿರ್ಬಹುದು, ಮ್ಯಾಚ್ ರೆಫ್ರಿ ಫಾರೂಕ್ ಇಂಜಿನಿಯರ್ 11 ಐಪಿಎಲ್ ಮ್ಯಾಚ್ ನಿಷೇಧ ಹಾಕಿದ್ರು, ಆಮೇಲೆ ಬಿಸಿಸಿಐ ಬೇರೆಯೇ 5 ಏಕದಿನ ಪಂದ್ಯಕ್ಕೆ ನಿಷೇಧ ಹಾಕಿತು. ಒಂದು ಪೆಟ್ಟು, ಎರಡು ಬಿಲ್ಲು.

ಯಜಮಾನ ಯಾರು ಅಂತ ಗೊತ್ತಾಗದೆ ಅಪೀಲ್ ಬರೆದ್ರೆ ಅದು ತಪ್ಪು ಟೇಬಲ್ಲಿಗೆ ಹೋಗ್ತದೆ, ಅಲ್ಲಿ ಹದಿನೈದು ದಿನ ಕೂತು "ಇದು ನಮ್ಮ ವ್ಯಾಪ್ತಿಗೆ ಬರುದಿಲ್ಲ" ಅಂತ ವಾಪಸ್ ಬರ್ತದೆ. ಫ್ರಾಂಚೈಸಿ ನಿಮ್ಮನ್ನು ಬೆಂಚಲ್ಲಿ ಕೂರ್ಸಿದ್ರೆ ಅಥವಾ ದುಡ್ಡು ಕಟ್ ಮಾಡಿದ್ರೆ ಅದು ಕಾಂಟ್ರ್ಯಾಕ್ಟ್ ಜಗಳ. ಲೀಗ್ ಸಸ್ಪೆಂಡ್ ಮಾಡಿದ್ರೆ ಕೋಡ್ ಆಫ್ ಕಂಡಕ್ಟ್ ಜಗಳ. ಎರಡೂ ಒಟ್ಟಿಗೆ ಇದ್ರೆ ಎರಡು ಲೆಟರ್ ಬರೀರಿ, ಒಂದೇ ಲೆಟರಲ್ಲಿ ಎಲ್ಲರಿಗೂ ಬೈದು ಸಿಸಿ ಹಾಕ್ಬೇಡಿ.

2. ಮೊದಲ ಎರಡು ದಿನ: ಬಾಯಿಗೆ ಬೀಗ, ಫೋನಿಗೆ ಕಾವಲು

ಇದ್ರಲ್ಲಿಯೇ ಅರ್ಧ ಕೇಸು ಗೆಲ್ಲುದು ಅಥವಾ ಸೋಲುದು, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಹೇಳ್ತೇನೆ.

ನಮ್ಮ ಊರಿನ ಮಕ್ಕಳಿಗೆ ದೊಡ್ಡವರು ಜೋರು ಮಾಡಿದ್ರೆ ಮೊದ್ಲು ಬಾಯಿಗೆ ಬರುದು ಸಾರಿ. ಒಳ್ಳೆ ಗುಣವೇ, ಆದ್ರೆ ಡಿಸಿಪ್ಲಿನರಿ ಕಮಿಟಿ ಎದುರು ಅದನ್ನು ತಪ್ಪೊಪ್ಪಿಗೆ ಅಂತ ಪ್ರಿಂಟ್ ತೆಗೆದು ಇಡ್ತಾರೆ. ಎಂತಾದ್ರೂ ಬರೀಲೇಬೇಕು ಅನ್ನಿಸಿದ್ರೆ ಇಷ್ಟು ಸಾಕು: "ಸರ್, ಮೆಸೇಜ್ ಸಿಕ್ಕಿತು. ಆದ ಘಟನೆ ಬಗ್ಗೆ ಬೇಸರ ಉಂಟು. ನನ್ನ ಉತ್ತರ ಲಿಖಿತವಾಗಿ ಕೊಡ್ತೇನೆ, ಆರ್ಡರಿನ ಕಾಪಿ ದಯವಿಟ್ಟು ಇಮೇಲ್ ಮಾಡಿ." ಇದ್ರಲ್ಲಿ ಬೇಸರ ಉಂಟು, ಒಪ್ಪಿಗೆ ಇಲ್ಲ, ಕಾಪಿ ಕೇಳಿದ ದಾಖಲೆಯೂ ಆಯ್ತು.

ಇನ್‌ಸ್ಟಾದಲ್ಲಿ ಸ್ಟೇಟಸ್ ಹಾಕ್ಬೇಡಿ. ನಿಮ್ಮ ಭಾವ, ನಿಮ್ಮ ಫ್ರೆಂಡ್ಸ್ ಸರ್ಕಲಿನವರು ಹಾಕಿದ್ದನ್ನು ಶೇರ್ ಕೂಡ ಮಾಡ್ಬೇಡಿ. ಲೀಗನ್ನು ಬಹಿರಂಗವಾಗಿ ಟೀಕೆ ಮಾಡುದು ಸುಮಾರು ಕೋಡ್‌ಗಳಲ್ಲಿ ಪ್ರತ್ಯೇಕ ತಪ್ಪು, 8 ಮ್ಯಾಚ್ 10 ಆಗ್ಲಿಕ್ಕೆ ಒಂದು ಸ್ಟೋರಿ ಸಾಕು.

ಈಗ ಫೋನು. ಸಿಟ್ಟಲ್ಲಿ ಟೀಮಿನ ಗ್ರೂಪಿಂದ ಎಕ್ಸಿಟ್ ಆಗ್ಬೇಡಿ, ಮ್ಯಾನೇಜರನ್ನು ಬ್ಲಾಕ್ ಮಾಡ್ಬೇಡಿ, ಚಾಟ್ ಡಿಲೀಟ್ ಮಾಡ್ಲೇಬೇಡಿ. ಪ್ರತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲಿಗೆ ಕಳ್ಸಿ, ಸ್ಕ್ರೀನ್‌ಶಾಟ್ ತೆಗೀವಾಗ ತಾರೀಕು, ನಂಬರ್ ಎರಡೂ ಕಾಣ್ಬೇಕು. ಒರಿಜಿನಲ್ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡ್ಬೇಡಿ. 2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಅದ್ರ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕು, ಅದ್ರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ (ಫೈಲನ್ನು ತಿದ್ಲಿಲ್ಲ ಅಂತ ತೋರ್ಸುವ ನಂಬರ್) ಬರೀಲಿಕ್ಕುಂಟು, ಎಕ್ಸ್‌ಪರ್ಟ್ ಸೈನ್ ಮಾಡುವ ಎರಡನೇ ಭಾಗವೂ ಉಂಟು. ಮೂಲ ಫೋನೇ ಇಲ್ಲದಿದ್ರೆ ಇದೆಲ್ಲ ಕಿರಿಕಿರಿ.

ಫೋನಿನ ವಿಷಯದಲ್ಲಿ ಲೋಕಕ್ಕೇ ಗೊತ್ತಿರುವ ಕತೆ ಟಾಮ್ ಬ್ರೇಡಿಯದ್ದು. ಅಮೆರಿಕದ ಎನ್‌ಎಫ್‌ಎಲ್ ಲೀಗಿನ ಆಟಗಾರ, ಅಲ್ಲಿನ ಫುಟ್‌ಬಾಲ್, ನಮ್ಮದಲ್ಲ. 2015 ಜನವರಿಯ ಒಂದು ಸೆಮಿಫೈನಲ್ ಥರದ ಮ್ಯಾಚಲ್ಲಿ ಚೆಂಡಿನ ಗಾಳಿ ಬೇಕಂತಲೇ ಕಮ್ಮಿ ಮಾಡ್ಸಿದ್ದಾರೆ ಅಂತ ಆರೋಪ, 4 ಮ್ಯಾಚ್ ಸಸ್ಪೆನ್ಶನ್. ಬ್ರೇಡಿ ಅಪೀಲ್ ಹಾಕಿದ್ರು. ಅಪೀಲ್ ತಳ್ಳಿ ಹಾಕುವಾಗ ಲೀಗಿನ ಮುಖ್ಯಸ್ಥ, ಅಲ್ಲಿ ಕಮಿಷನರ್ ಅಂತಾರೆ, ರೋಜರ್ ಗುಡೆಲ್ ದೊಡ್ಡದು ಮಾಡಿ ಬರೆದದ್ದು ಎಂತ ಗೊತ್ತುಂಟಾ? ತನಿಖೆಯವರು ಮೆಸೇಜ್ ಕೇಳಿದ್ದು ಗೊತ್ತಿದ್ದೂ ಬ್ರೇಡಿ ತನ್ನ ಫೋನನ್ನು ನಾಶ ಮಾಡ್ಸಿದ್ರು ಅಂತ. ಗಾಳಿಯ ವಿಷಯ ಹಿಂದೆ ಹೋಯ್ತು, ಫೋನ್ ಮುಂದೆ ಬಂತು. ನಮ್ಮ ಹುಡುಗನ ಫೋನ್ ಒಡೆದದ್ದು ಗ್ಲಾಸ್ ಮಾತ್ರ, ಅದು ಅವನ ಪುಣ್ಯ.

ವಿಡಿಯೋ ಮರೀಬೇಡಿ. ನಮ್ಮ ಕರಾವಳಿಯಲ್ಲಿ ಈಗ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟೂ ಯೂಟ್ಯೂಬಲ್ಲಿ ಲೈವ್ ಹೋಗ್ತದೆ, ದೊಡ್ಡ ಲೀಗಂತೂ ಕೇಳುದೇ ಬೇಡ. ಲೈವಿನ ಲಿಂಕ್ ಸೇವ್ ಮಾಡಿದ್ರೆ ಸಾಕಾಗುದಿಲ್ಲ, ನಾಳೆ ತೆಗೆದು ಬಿಡ್ತಾರೆ, ಕ್ಯಾಮರಾದವರತ್ರ ಅವತ್ತೇ ಹೋಗಿ ಆ ಐದು ನಿಮಿಷದ ಒರಿಜಿನಲ್ ಫೂಟೇಜ್ ಪೆನ್‌ಡ್ರೈವಿಗೆ ಹಾಕ್ಸಿಕೊಳ್ಳಿ. ಪೆಟ್ಟಿಗಿಂತ ಮುಂಚಿನ ಅರ್ಧ ನಿಮಿಷ ಬೇಕು, ಯಾಕಂದ್ರೆ ಕೆಣಕಿದ್ದು ಯಾರು ಅಂತ ಇರುದು ಅಲ್ಲಿ.

3. ಸೈನ್ ಹಾಕಿದ ಕಾಗದವನ್ನು ಈಗಾದ್ರೂ ಓದಿ

ಪ್ಲೇಯರ್ ಕಾಂಟ್ರ್ಯಾಕ್ಟ್ ಮತ್ತೆ ಲೀಗಿನ ಕೋಡ್ ಎರಡನ್ನೂ ಪ್ರಿಂಟ್ ತೆಗ್ದು ಪೆನ್ ಹಿಡ್ಕೊಂಡು ಕೂತ್ಕೊಳ್ಳಿ. ಹುಡುಕ್ಬೇಕಾದದ್ದು ಇಷ್ಟು: ನಿಮ್ಮ ಮೇಲೆ ಹಾಕಿದ ಕ್ಲಾಜ್ (ನಿಯಮ) ಯಾವುದು, ಅದಕ್ಕೆ ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಶಿಕ್ಷೆ, ಉತ್ತರ ಕೊಡ್ಲಿಕ್ಕೆ ಎಷ್ಟು ದಿನ, ಅಪೀಲ್ ಯಾರತ್ರ ಮತ್ತೆ ಎಷ್ಟು ದಿನದೊಳಗೆ, ಅಪೀಲ್ ಹಾಕಿದ್ರೆ ಶಿಕ್ಷೆ ತಡೆ ಆಗ್ತದಾ ಇಲ್ವಾ, ಕೊನೆಗೆ ಆರ್ಬಿಟ್ರೇಶನ್ ಕ್ಲಾಜ್ (ಕೋರ್ಟಿನ ಬದಲು ಖಾಸಗಿ ಪಂಚರತ್ರ ತೀರ್ಮಾನ ಮಾಡ್ಸುವ ನಿಯಮ) ಉಂಟಾ, ಇದ್ರೆ ಸೀಟ್ ಎಲ್ಲಿ. ಐಪಿಎಲ್‌ನಲ್ಲಿ ಲೆವೆಲ್ 1 ತಪ್ಪಿಗೆ ಮ್ಯಾಚ್ ರೆಫ್ರಿ ಹೇಳಿದ್ದೇ ಅಂತಿಮ ಅಂತ ಪ್ರತಿ ಸಲ ಪ್ರೆಸ್ ನೋಟಲ್ಲಿ ಬರ್ತದಲ್ಲ, ಆ ಥರದ ಸಣ್ಣ ಫೈನಿಗೆಲ್ಲ ವಕೀಲರನ್ನು ಹಿಡೀಬೇಡಿ, ಕಟ್ಟಿ ಆಚೆ ಹೋಗಿ. ಡಿಮೆರಿಟ್ ಪಾಯಿಂಟ್ (ಪ್ರತಿ ತಪ್ಪಿಗೆ ಸೇರ್ತಾ ಹೋಗುವ ಅಂಕ) ಲೆಕ್ಕ ಇರುವ ಲೀಗಾದ್ರೆ ಮಾತ್ರ ಒಪ್ಪುವ ಮುಂಚೆ ಒಟ್ಟು ಎಷ್ಟಾಯ್ತು ಅಂತ ಕೂಡಿಸಿ ನೋಡಿ.

ಸೀಟ್ ಅಂದ್ರೆ ಎಂತ ಅಂತ ಎಲ್ರೂ ಕೇಳ್ತಾರೆ. ಹಿಯರಿಂಗ್ ನಡೆಯುವ ಜಾಗ ಅಲ್ಲ, ಯಾವ ಊರಿನ ಕೋರ್ಟಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡುವ ಶಬ್ದ ಅದು. ಸೀಟ್ ಮುಂಬೈ ಅಂತ ಇದ್ರೆ ಆರ್ಬಿಟ್ರೇಶನಿಗೆ ಸಂಬಂಧಪಟ್ಟ ಅರ್ಜಿಯೆಲ್ಲ ಮುಂಬೈಯಲ್ಲೇ, ಉಡುಪಿ ಕೋರ್ಟಲ್ಲಿ ಹಾಕುವ, ಮಂಗಳೂರು ಕೊಡಿಯಾಲ್‌ಬೈಲಲ್ಲಿ ಹಾಕುವ ಅಂದ್ರೆ ಆಗ್ಲಿಕ್ಕಿಲ್ಲ.

4. ಉತ್ತರ ಬರೆಯುದು

ಶೋಕಾಸ್ ನೋಟೀಸ್, ಅಂದ್ರೆ ಶಿಕ್ಷೆ ಯಾಕೆ ಕೊಡ್ಬಾರ್ದು ಹೇಳಿ ಅಂತ ಕೇಳುವ ಕಾಗದ, ಬಂದಿದ್ರೆ ಅದೃಷ್ಟ, ನಮ್ಮ ಹುಡುಗನಿಗೆ ಬಂದಂತೆ ಡೈರೆಕ್ಟ್ ಶಿಕ್ಷೆಯೇ ಬಂದಿದ್ರೆ ಅದೇ ನಿಮ್ಮ ಮೊದಲ ಪಾಯಿಂಟು. ಎರಡಕ್ಕೂ ಬರೆಯುವ ಕ್ರಮ ಹೆಚ್ಚುಕಮ್ಮಿ ಒಂದೇ.

ಮೊದಲ ಪ್ಯಾರಾದಲ್ಲಿ ಕಾಗದ ಕೇಳಿ: ರೆಫ್ರಿ ರಿಪೋರ್ಟು, ವಿಡಿಯೋ, ಸಾಕ್ಷಿಗಳ ಹೇಳಿಕೆ, ಕಮಿಟಿಯಲ್ಲಿ ಯಾರ್ಯಾರು ಇದ್ದಾರೆ ಅಂತ ಹೆಸರು. ಎರಡನೇದರಲ್ಲಿ ನಡೆದದ್ದು, ಸಮಯ ಸಮೇತ, ವಿಶೇಷಣ ಇಲ್ಲದೆ. "ಅವ ದೊಡ್ಡ ತಂಟೆಕೋರ, ಎಲ್ಲರಿಗೂ ಗೊತ್ತುಂಟು" ಅಂತೆಲ್ಲ ಬೇಡ. "ಎರಡನೇ ಹಾಫಿನ 14ನೇ ನಿಮಿಷದಲ್ಲಿ ನಾನು ರೇಡ್ ಮುಗ್ಸಿ ಗೆರೆ ದಾಟಿದ ನಂತರ ಎದುರಿನ ಕಾರ್ನರ್ ಡಿಫೆಂಡರ್ ನನ್ನ ಜೆರ್ಸಿ ಹಿಡಿದು ಎಳೆದರು, ನಾನು ಬಿಡಿಸ್ಕೊಳ್ಳುವಾಗ ಮೊಣಕೈ ತಾಗಿತು" ಅಂತ ಬರೆದ್ರೆ ಓದುವವನ ಕಣ್ಣಿಗೆ ಮ್ಯಾಟ್ ಕಾಣ್ತದೆ. ಮೂರನೇದರಲ್ಲಿ ಮುಖತಃ ಹಿಯರಿಂಗ್ ಬೇಕು, ಅಲ್ಲಿವರೆಗೆ ಶಿಕ್ಷೆ ತಡೆಹಿಡಿಯಿರಿ ಅಂತ.

ನಾಲ್ಕನೇದು ನಮ್ಮವರು ಯಾವಾಗ್ಲೂ ಬಿಡುವಂಥದ್ದು: ಒಂದು ವೇಳೆ ತಪ್ಪು ಅಂತ ನೀವು ಹೇಳಿದ್ರೂ ಶಿಕ್ಷೆ ಇಷ್ಟು ದೊಡ್ಡದು ಯಾಕೆ ಆಗ್ಬಾರ್ದು ಅಂತ. ಇದು ಮೊದಲನೇ ತಪ್ಪಾ, ಕೆಣಕಿದ್ದಾರಾ, ಎದುರಿನವನಿಗೆ ಪೆಟ್ಟಾಗಿದೆಯಾ, ಇದೇ ಲೀಗಲ್ಲಿ ಇಂಥದ್ದಕ್ಕೆ ಹಿಂದೆ ಬೇರೆಯವರಿಗೆ ಎಷ್ಟು ಕೊಟ್ಟಿದ್ದಾರೆ. "ತಪ್ಪೇ ಮಾಡ್ಲಿಲ್ಲ ಅಂತ ಹೇಳಿ ಕೆಳಗೆ ಶಿಕ್ಷೆ ಕಮ್ಮಿ ಮಾಡಿ ಅಂದ್ರೆ ಒಪ್ಪಿಕೊಂಡ ಹಾಗೆ ಆಗುದಿಲ್ವಾ ಅಣ್ಣ?" ಅಂತ ನಮ್ಮ ಹುಡುಗನೂ ಕೇಳಿದ. ಆಗುದಿಲ್ಲ. ವಿತೌಟ್ ಪ್ರೆಜುಡಿಸ್, ಅಂದ್ರೆ ನನ್ನ ಮೊದಲ ವಾದ ಬಿಟ್ಟುಕೊಡದೆ, ಅಂತ ಹಾಕಿ ಬರೀಲಿಕ್ಕೆ ಬರ್ತದೆ. ಈ ಪ್ಯಾರಾ ಎಷ್ಟು ಮುಖ್ಯ ಅಂತ ಶ್ರೀಶಾಂತ್ ಕೇಸಿಗೆ ಬರುವಾಗ ಹೇಳ್ತೇನೆ.

ಉತ್ತರವನ್ನು ಇಮೇಲ್ ಮಾಡಿ, ಸ್ಪೀಡ್ ಪೋಸ್ಟೂ ಮಾಡಿ, ರಶೀದಿ ಫೈಲಿಗೆ ಹಾಕಿ.

5. ಒಳಗಿನ ಅಪೀಲ್ ಮುಗ್ಸದೆ ಕೋರ್ಟಿಗೆ ಓಡ್ಬೇಡಿ

ಎಲ್ರಿಗೂ ಅವಸರ, "ಸ್ಟೇ ತರುವ ಸರ್, ಎಷ್ಟಾದ್ರೂ ಆಗ್ಲಿ." 2017ರಲ್ಲಿ ಎನ್‌ಎಫ್‌ಎಲ್‌ನ ಡಲ್ಲಾಸ್ ಟೀಮಿನ ಇಝೀಕಿಯಲ್ ಎಲಿಯಟ್ ಕೇಸಲ್ಲಿ ಇದೇ ಆಯ್ತು. 6 ಮ್ಯಾಚ್ ಸಸ್ಪೆನ್ಶನ್, ಆರ್ಬಿಟ್ರೇಟರ್ ಇನ್ನೂ ತೀರ್ಪು ಕೊಡುವ ಮುಂಚೆಯೇ ಆಟಗಾರರ ಯೂನಿಯನ್ ಟೆಕ್ಸಸ್ ಕೋರ್ಟಿಗೆ ಹೋಯ್ತು, ಅಲ್ಲಿ ತಡೆಯಾಜ್ಞೆಯೂ ಸಿಕ್ಕಿತು, ಅಕ್ಟೋಬರಿನಲ್ಲಿ ಮೇಲಿನ ಕೋರ್ಟು ಆ ತಡೆಯನ್ನು ತೆಗ್ದು ಹಾಕಿತು, ಕಾರಣ ಒಂದೇ, ಒಳಗಿನ ದಾರಿ ಮುಗಿಯುವ ಮುಂಚೆ ಬಂದಿದ್ದೀರಿ. ಕೊನೆಗೆ ನವೆಂಬರಿನಲ್ಲಿ ಹೋರಾಟ ಬಿಟ್ಟು 6 ಮ್ಯಾಚೂ ಕೂತ್ರು. ನಮ್ಮ ಹೈಕೋರ್ಟಲ್ಲೂ ಮೊದಲ ಪ್ರಶ್ನೆ ಅದೇ ಬರ್ತದೆ: ಆಲ್ಟರ್ನೇಟ್ ರೆಮಿಡಿ (ಪರಿಹಾರಕ್ಕೆ ಬೇರೆ ದಾರಿ) ಇದೆಯಲ್ಲ, ಅಲ್ಲಿ ಹೋಗಿದ್ದೀರಾ?

ಮತ್ತೆ ಒಳಗಿನ ಅಪೀಲ್ ಬರೀ ನಾಟಕ ಅಂತ ತಿಳ್ಕೊಳ್ಬೇಡಿ. ಅದೇ ಹರ್ಭಜನ್ ಸಿಂಗ್, 2008 ಜನವರಿ, ಸಿಡ್ನಿ ಟೆಸ್ಟ್. ಆಂಡ್ರ್ಯೂ ಸೈಮಂಡ್ಸ್ ಮೇಲೆ ಜನಾಂಗೀಯ ಬೈಗುಳ ಅಂತ ಮ್ಯಾಚ್ ರೆಫ್ರಿ ಮೈಕ್ ಪ್ರಾಕ್ಟರ್ 3 ಟೆಸ್ಟ್ ನಿಷೇಧ ಹಾಕಿದ್ರು. ಅಪೀಲ್ ಕೇಳಿದ್ದು ನ್ಯೂಜಿಲ್ಯಾಂಡಿನ ಹೈಕೋರ್ಟ್ ಜಡ್ಜ್ ಜಾನ್ ಹ್ಯಾನ್ಸನ್, ಅಡಿಲೇಡಿನಲ್ಲಿ. ದೊಡ್ಡ ಆರೋಪ ಬಿದ್ದು ಹೋಯ್ತು, ಉಳಿದದ್ದು ಮ್ಯಾಚ್ ಫೀಸಿನ ಅರ್ಧ ದಂಡ. ಒಂದೇ ತಿಂಗಳಲ್ಲಿ ಎಲ್ಲ ಮುಗೀತು, ಯಾವ ಕೋರ್ಟಲ್ಲಿ ಒಂದು ತಿಂಗಳಲ್ಲಿ ಮುಗೀತದೆ ಹೇಳಿ?

ನಮ್ಮೂರಿನ ಉದಾಹರಣೆಯೂ ಉಂಟು. ಸುರತ್ಕಲ್ಲಿನ ಎನ್‌ಐಟಿಕೆ ಕ್ಯಾಂಪಸಲ್ಲಿ ಬೆಳೆದ ಕೆ.ಎಲ್. ರಾಹುಲ್. 2019 ಜನವರಿಯಲ್ಲಿ ಟಿವಿ ಶೋದಲ್ಲಿ ಹೆಂಗಸರ ಬಗ್ಗೆ ಮಾತಾಡಿದ ಗಲಾಟೆಯಲ್ಲಿ ಹಾರ್ದಿಕ್ ಪಾಂಡ್ಯ ಜೊತೆ ಸಸ್ಪೆಂಡ್ ಆಗಿ ಆಸ್ಟ್ರೇಲಿಯಾದಿಂದ ವಾಪಸ್ ಬರ್ಬೇಕಾಯ್ತು. ತನಿಖೆ ಬಾಕಿ ಇರುವಾಗ್ಲೇ ಆ ತಿಂಗಳೊಳಗೆ ಸಸ್ಪೆನ್ಶನ್ ಎತ್ತಿದ್ರು, ಆಮೇಲೆ ಬಿಸಿಸಿಐಯಲ್ಲಿ ದೂರು ವಿಚಾರಿಸುವ ಒಂಬುಡ್ಸ್‌ಮನ್ ಡಿ.ಕೆ. ಜೈನ್ ಏಪ್ರಿಲಲ್ಲಿ ಇಬ್ಬರಿಗೂ 20 ಲಕ್ಷ ದಂಡ ಹಾಕಿ ಫೈಲ್ ಮುಚ್ಚಿದ್ರು. ಅಷ್ಟರಲ್ಲಿ ಐಪಿಎಲ್ ಆಡ್ತಾ ಇದ್ರು. ತೀರ್ಪು ಬರುವವರೆಗೆ ಆಡ್ಲಿಕ್ಕೆ ಬಿಡಿ ಅನ್ನುವ ಮಧ್ಯಂತರ ಬೇಡಿಕೆಗೆ ಎಷ್ಟು ಬೆಲೆ ಅಂತ ಇದ್ರಲ್ಲಿ ನೋಡಿ.

ಟೈಮ್ ಮುಗಿದು ಹೋಗಿದ್ರೆ? ಅಪೀಲಿನ ಜೊತೆ ವಿಳಂಬ ಮನ್ನಾ ಅರ್ಜಿ ಹಾಕಿ, ಪ್ರತಿ ದಿನಕ್ಕೂ ಕಾರಣ ಕೊಡಿ. ಕಾಪು ಹುಡುಗನ ಕೇಸಲ್ಲಿ ನಾವು ಹೇಳಿದ್ದು ಇಷ್ಟೇ: ಲಿಖಿತ ಆರ್ಡರೇ ಕೊಡ್ಲಿಲ್ಲ, ಹಾಗಾದ್ರೆ 7 ದಿನ ಯಾವತ್ತಿಂದ ಲೆಕ್ಕ? ಅಪೀಲ್ ಪ್ಯಾನೆಲಿನವರು ಅದನ್ನು ಒಪ್ಪಿದ್ರು, ವಿಡಿಯೋ ನೋಡಿ 8 ಮ್ಯಾಚನ್ನು 5 ಮಾಡಿದ್ರು. "ನಂದೇ ತಪ್ಪು" ಮೆಸೇಜ್ ಇಲ್ಲದಿದ್ರೆ 3ಕ್ಕೆ ಇಳೀತಿತ್ತು ಅಂತ ನನ್ನ ಅಂದಾಜು. ಅಷ್ಟರಲ್ಲಿ 4 ಮ್ಯಾಚ್ ಕಳೆದಿತ್ತು, ಇನ್ನೊಂದು ಕೂತು ಆಮೇಲೆ ಆಡಿದ.

6. ಆರ್ಬಿಟ್ರೇಶನ್: ತೀರ್ಪು ಹೇಳುವವ ಯಾರ ಮನುಷ್ಯ?

ಬ್ರೇಡಿ ಕೇಸಿನ ತಿರುಳು ಇದು. ಅಲ್ಲಿ ಯೂನಿಯನ್ ಮತ್ತೆ ಲೀಗ್ ಮಾಡ್ಕೊಂಡ ಒಪ್ಪಂದದ ಆರ್ಟಿಕಲ್ 46ರಲ್ಲಿ ಶಿಸ್ತಿನ ಅಪೀಲನ್ನು ಕಮಿಷನರೇ ಕೇಳ್ಬಹುದು ಅಂತ ಉಂಟು. ಅಂದ್ರೆ ಶಿಕ್ಷೆ ಕೊಟ್ಟ ಆಫೀಸಿನವನೇ ಅಪೀಲಿಗೂ ಕೂರುದು. 2015 ಸೆಪ್ಟೆಂಬರ್ 3ಕ್ಕೆ ನ್ಯೂಯಾರ್ಕಿನ ಜಡ್ಜ್ ರಿಚರ್ಡ್ ಬರ್ಮನ್ ಇದು ನ್ಯಾಯ ಅಲ್ಲ ಅಂತ ಸಸ್ಪೆನ್ಶನ್ ರದ್ದು ಮಾಡಿದ್ರು, ಬ್ರೇಡಿ ಆ ಸೀಸನ್ ಪೂರ್ತಿ ಆಡಿದ್ರು. 2016 ಏಪ್ರಿಲ್ 25ಕ್ಕೆ ಮೇಲಿನ ಕೋರ್ಟು 2-1ರಲ್ಲಿ ಅದನ್ನು ತಿರುಗಿಸಿತು: ನೀವೇ ಒಪ್ಪಿ ಬರ್ಕೊಟ್ಟಿದ್ದೀರಿ, ಈಗ ನಮ್ಮತ್ರ ಅಳ್ಬೇಡಿ ಅನ್ನುವ ಅರ್ಥದಲ್ಲಿ. ಮುಂದಿನ ಸೀಸನಿನ ಮೊದಲ 4 ಮ್ಯಾಚ್ ಹೊರಗೆ. ಅದೇ ಸೀಸನ್ ಕೊನೆಗೆ ಲೀಗಿನ ಫೈನಲ್ ಸೂಪರ್ ಬೌಲ್ ಗೆದ್ರು, ಅದು ಬೇರೆ ಮಾತು.

ಅದೇ ದೇಶದಲ್ಲಿ ಹೊರಗಿನ ಆರ್ಬಿಟ್ರೇಟರ್ ಇದ್ದ ಕಡೆ ಕತೆ ಬೇರೆ. 1997 ಡಿಸೆಂಬರಲ್ಲಿ ಬಾಸ್ಕೆಟ್‌ಬಾಲಿನ ಲ್ಯಾಟ್ರೆಲ್ ಸ್ಪ್ರೀವೆಲ್ ಪ್ರಾಕ್ಟೀಸಲ್ಲಿ ತನ್ನ ಕೋಚಿನ ಕುತ್ತಿಗೆ ಹಿಡಿದ. ಟೀಮ್ ಕಾಂಟ್ರ್ಯಾಕ್ಟನ್ನೇ ರದ್ದು ಮಾಡಿತು, ಎನ್‌ಬಿಎ ಒಂದು ವರ್ಷ ನಿಷೇಧ ಹಾಕಿತು. ಆರ್ಬಿಟ್ರೇಟರ್ ಜಾನ್ ಫೀರಿಕ್ 1998 ಮಾರ್ಚಿನಲ್ಲಿ ಕಾಂಟ್ರ್ಯಾಕ್ಟ್ ವಾಪಸ್ ಜೀವಂತ ಮಾಡಿ ನಿಷೇಧವನ್ನು 68 ಮ್ಯಾಚಿಗೆ ಇಳಿಸಿದ್ರು. ಕುತ್ತಿಗೆ ಹಿಡಿದದ್ದು ಹೌದು ಅಂತ ಯಾರಿಗೂ ಡೌಟ್ ಇರ್ಲಿಲ್ಲ, ಆದ್ರೂ ಶಿಕ್ಷೆ ಕಮ್ಮಿ ಆಯ್ತು.

ನಮ್ಮ ದೇಶದಲ್ಲಿ ಆಟಗಾರನಿಗೆ ಸ್ವಲ್ಪ ಒಳ್ಳೆ ಆಯುಧ ಉಂಟು. 1996ರ ಆರ್ಬಿಟ್ರೇಶನ್ ಕಾಯ್ದೆಯ ಸೆಕ್ಷನ್ 12(5) ಪ್ರಕಾರ ಒಂದು ಪಾರ್ಟಿಯ ನೌಕರ, ಸಲಹೆಗಾರ ಎಲ್ಲ ಆರ್ಬಿಟ್ರೇಟರ್ ಆಗ್ಲಿಕ್ಕೆ ಬರುದಿಲ್ಲ, ಜಗಳ ಹುಟ್ಟಿದ ಮೇಲೆ ನೀವೇ ಬರವಣಿಗೆಯಲ್ಲಿ ಒಪ್ಪಿದ್ರೆ ಮಾತ್ರ ಬೇರೆ. 2019ರ ಪರ್ಕಿನ್ಸ್ ಈಸ್ಟ್‌ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಫಲಿತಾಂಶದಲ್ಲಿ ಆಸಕ್ತಿ ಇರುವವ ಒಬ್ಬಂಟಿ ಆರ್ಬಿಟ್ರೇಟರನ್ನು ತಾನೇ ಆರಿಸ್ಲಿಕ್ಕೂ ಇಲ್ಲ ಅಂತ ಹೇಳಿತು. ಹಾಗಾಗಿ "ನಮ್ಮ ಎಂಡಿ ನೇಮಿಸಿದ ಆರ್ಬಿಟ್ರೇಟರಿಗೆ ಒಪ್ಪಿಗೆ ಕೊಡಿ" ಅಂತ ಲೀಗಿಂದ ಮೇಲ್ ಬಂದ್ರೆ ಓಕೆ ಸರ್ ಅಂತ ಥಂಬ್ಸ್ ಅಪ್ ಹಾಕ್ಬೇಡಿ. ಅದೊಂದು ಸಂಗತಿ ಸರಿಯಾಗಿ ನೆನಪಿಟ್ಕೊಳ್ಳಿ. ಮತ್ತೆ ಡಿಸಿಪ್ಲಿನರಿ ಕಮಿಟಿ ಬೇರೆ, ಆರ್ಬಿಟ್ರೇಶನ್ ಬೇರೆ. ಕಮಿಟಿಯಲ್ಲಿ ಲೀಗಿನವರೇ ಇರ್ತಾರೆ, ಅದಕ್ಕೆ ಈ ಸೆಕ್ಷನ್ ತಾಗುದಿಲ್ಲ.

ತುರ್ತು ತಡೆ ಬೇಕಾದ್ರೆ ಸೆಕ್ಷನ್ 9ರಲ್ಲಿ ಕೋರ್ಟಿಗೆ ಹೋಗ್ಬಹುದು, ಆದೇಶ ಸಿಕ್ಕಿದ 90 ದಿನದೊಳಗೆ ಆರ್ಬಿಟ್ರೇಶನ್ ಶುರು ಮಾಡ್ಬೇಕು. ಕೊನೆಯ ಅವಾರ್ಡ್ (ಆರ್ಬಿಟ್ರೇಟರ್ ತೀರ್ಪು) ಸರಿ ಇಲ್ಲದಿದ್ರೆ ಸೆಕ್ಷನ್ 34ರಲ್ಲಿ 3 ತಿಂಗಳು, ಸಾಕಷ್ಟು ಕಾರಣ ಇದ್ರೆ ಇನ್ನೊಂದು 30 ದಿನ, ಅಷ್ಟೇ. ಅದ್ರ ನಂತರ ಒಂದು ದಿನ ತಡ ಆದ್ರೂ ಬಾಗಿಲು ಬಂದ್.

7. ಕೋರ್ಟು

ರಿಟ್ (ಸಾರ್ವಜನಿಕ ಕೆಲಸ ಮಾಡುವವರ ಮೇಲೆ ನೇರ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕುವ ಅಂತ ಎಲ್ರೂ ಹೇಳ್ತಾರೆ, ಯಾರ ಮೇಲೆ ಹಾಕ್ಲಿಕ್ಕೆ ಬರ್ತದೆ ಅಂತ ನೋಡ್ಬೇಕಲ್ವಾ. 2005ರ ಝೀ ಟೆಲಿಫಿಲ್ಮ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ 3-2ರಲ್ಲಿ ಬಿಸಿಸಿಐ ಸಂವಿಧಾನದ 12ನೇ ವಿಧಿಯ ಪ್ರಕಾರ ಸರ್ಕಾರ ಅಲ್ಲ ಅಂತ ಹೇಳಿತು, ಆದ್ರೆ ಸಾರ್ವಜನಿಕ ಕೆಲಸ ಮಾಡುದ್ರಿಂದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ಹೋಗ್ಬಹುದು, 2015ರಲ್ಲಿ ಕ್ರಿಕೆಟ್ ಅಸೋಸಿಯೇಶನ್ ಆಫ್ ಬಿಹಾರ್ ಕೇಸಲ್ಲೂ ಅದೇ. ಅಂದ್ರೆ ಫೆಡರೇಶನ್ ಮೇಲೆ ರಿಟ್ ನಡೀತದೆ, ಪ್ರೈವೇಟ್ ಕಂಪೆನಿ ನಡೆಸುವ ಲೀಗ್ ಅಥವಾ ಫ್ರಾಂಚೈಸಿ ಮೇಲೆ ನಡೆಯುದು ಕಷ್ಟ, ಅಲ್ಲಿ ಆರ್ಬಿಟ್ರೇಶನ್ ಅಥವಾ ಸಿವಿಲ್ ದಾವೆ. ಸಿವಿಲ್ ದಾವೆಯಲ್ಲಿ "ನನ್ನನ್ನು ಆಡಿಸ್ಲೇಬೇಕು" ಅಂತ ಆದೇಶ ಸಿಗುದು ಅಪರೂಪ, ವೈಯಕ್ತಿಕ ಕೌಶಲದ ಕಾಂಟ್ರ್ಯಾಕ್ಟನ್ನು ಬಲವಂತದಿಂದ ನಡೆಸ್ಲಿಕ್ಕೆ ನಿರ್ದಿಷ್ಟ ಪರಿಹಾರ ಕಾಯ್ದೆ ಬಿಡುದಿಲ್ಲ, ನಷ್ಟ ಕೇಳ್ಬಹುದು.

2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸಾಗಿದೆ, ಅದ್ರಲ್ಲಿ ಕ್ರೀಡಾ ಟ್ರಿಬ್ಯೂನಲ್ ಉಂಟು, ಅದ್ರ ಮೇಲಿನ ಅಪೀಲ್ ಸುಪ್ರೀಂ ಕೋರ್ಟಿಗೆ. ಫೆಡರೇಶನ್ ಜೊತೆ ಜಗಳ ಆದ್ರೆ ಕೇಸ್ ಹಾಕುವ ದಿನ ಮೊದ್ಲು ಅದನ್ನು ವಕೀಲರತ್ರ ಚೆಕ್ ಮಾಡ್ಸಿ, ತಪ್ಪು ಬಾಗಿಲು ಬಡಿದ್ರೆ ಪುನಃ ಮೊದಲಿಂದ.

ಈಗ ಶ್ರೀಶಾಂತ್. 2013 ಮೇಯಲ್ಲಿ ಸ್ಪಾಟ್ ಫಿಕ್ಸಿಂಗ್ ಅಂತ ಅರೆಸ್ಟ್, ಸೆಪ್ಟೆಂಬರಲ್ಲಿ ಬಿಸಿಸಿಐ ಆಜೀವ ನಿಷೇಧ. 2015ರಲ್ಲಿ ದೆಹಲಿ ಕೋರ್ಟು ಕ್ರಿಮಿನಲ್ ಕೇಸಿಂದ ಬಿಡುಗಡೆ ಮಾಡಿತು, ಊರೆಲ್ಲ ಪಟಾಕಿ, ನಿಷೇಧ ಮಾತ್ರ ಹಾಗೇ ಇತ್ತು. 2017 ಆಗಸ್ಟಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ನಿಷೇಧ ತೆಗೀತು, ಅಕ್ಟೋಬರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ವಾಪಸ್ ಹಾಕಿತು. 2019 ಮಾರ್ಚ್ 15ಕ್ಕೆ ಸುಪ್ರೀಂ ಕೋರ್ಟ್ ಹೇಳಿದ್ದು ಗಮನ ಇಟ್ಟು ಓದಿ: ತಪ್ಪು ಮಾಡಿದ್ದಾರೆ ಅನ್ನುವ ಕಮಿಟಿಯ ತೀರ್ಮಾನವನ್ನು ಮುಟ್ಲಿಲ್ಲ, ಕ್ರಿಮಿನಲ್ ಕೇಸ್ ಬಿದ್ದದ್ದು ಶಿಸ್ತು ಕ್ರಮಕ್ಕೆ ಅಡ್ಡಿ ಅಲ್ಲ, ಆದ್ರೆ ಶಿಕ್ಷೆ ತೂಗುವಾಗ ಕೋಡಲ್ಲೇ ಇರುವ ಹೆಚ್ಚು ಕಮ್ಮಿ ಮಾಡುವ ಅಂಶಗಳನ್ನು ಕಮಿಟಿ ನೋಡ್ಲೇ ಇಲ್ಲ, ಹಾಗಾಗಿ 3 ತಿಂಗಳೊಳಗೆ ಶಿಕ್ಷೆಯ ಪ್ರಮಾಣ ಪುನಃ ತೀರ್ಮಾನ ಮಾಡಿ ಅಂತ. ಒಂಬುಡ್ಸ್‌ಮನ್ ಅದನ್ನು 7 ವರ್ಷ ಮಾಡಿದ್ರು, 2020 ಸೆಪ್ಟೆಂಬರಿಗೆ ಮುಗೀತು. ನಾನು ಹೇಳಿದ ನಾಲ್ಕನೇ ಪ್ಯಾರಾ ಇದ್ಯಲ್ಲ, ಅವರನ್ನು ವಾಪಸ್ ಮೈದಾನಕ್ಕೆ ತಂದದ್ದು ಅದೇ ಪಾಯಿಂಟು. ನಿಷೇಧ ಬಿದ್ದಾಗ ವಯಸ್ಸು 30, ಮುಗಿಯುವಾಗ 37, ವೇಗದ ಬೌಲರಿಗೆ.

ಅಜರುದ್ದೀನ್ ಕತೆ ಇನ್ನೂ ಬೇಜಾರು. 2000 ಡಿಸೆಂಬರಲ್ಲಿ ಮ್ಯಾಚ್ ಫಿಕ್ಸಿಂಗ್ ಅಂತ ಆಜೀವ ನಿಷೇಧ, 2012 ನವೆಂಬರಲ್ಲಿ ಆಂಧ್ರ ಹೈಕೋರ್ಟು ಅದು ಕಾನೂನುಬಾಹಿರ ಅಂತ ಹೇಳಿತು. ಗೆದ್ರು, 49ನೇ ವಯಸ್ಸಲ್ಲಿ. 99 ಟೆಸ್ಟ್ 99ರಲ್ಲೇ ಉಳೀತು.

ಕರ್ನಾಟಕದ ಕೇಸೂ ಒಂದುಂಟು. ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಗಲಾಟೆಯಲ್ಲಿ 2022 ಜನವರಿಯಲ್ಲಿ ನಮ್ಮ ಹೈಕೋರ್ಟು, ಫಿಕ್ಸಿಂಗ್ ಅನ್ನುದು ಐಪಿಸಿ 420ರ ವಂಚನೆ ಆಗುದಿಲ್ಲ ಅಂತ ಕೇಸ್ ರದ್ದು ಮಾಡಿತು, ಜೊತೆಗೆ ಶಿಸ್ತು ಕ್ರಮ ಬೇಕಾದ್ರೆ ಬಿಸಿಸಿಐ ತೆಗೊಳ್ಬಹುದು ಅಂತಲೂ ಹೇಳಿತು. ಪೊಲೀಸ್ ಕೇಸ್ ಹೋದ್ರೆ ಎಲ್ಲ ಹೋಯ್ತು ಅಂತ ಲಡ್ಡು ಹಂಚ್ಬೇಡಿ.

ಮಧ್ಯಂತರ ತಡೆಗೆ ಜಡ್ಜ್ ನೋಡುದು ಮೂರು: ಮೇಲ್ನೋಟಕ್ಕೆ ಕೇಸಲ್ಲಿ ಹುರುಳುಂಟಾ, ತಡೆ ಕೊಡದಿದ್ರೆ ಯಾರಿಗೆ ತೊಂದ್ರೆ ಜಾಸ್ತಿ, ಆ ನಷ್ಟ ಆಮೇಲೆ ದುಡ್ಡಲ್ಲಿ ತುಂಬ್ಲಿಕ್ಕೆ ಆಗ್ತದಾ. ಮೂರನೇದಕ್ಕೆ ಲೀಗಿನ ಶೆಡ್ಯೂಲ್ ಪ್ರಿಂಟ್ ಹಾಕಿ, ಉಳಿದ ಮ್ಯಾಚಿನ ತಾರೀಕಿಗೆ ಮಾರ್ಕರಲ್ಲಿ ಗುರ್ತು ಮಾಡಿ ಕೊಡಿ, ಹತ್ತು ಪುಟ ವಾದಕ್ಕಿಂತ ಆ ಒಂದು ಹಾಳೆ ಮಾತಾಡ್ತದೆ. ಮತ್ತೆ ದಕ್ಷಿಣ ಕನ್ನಡ, ಉಡುಪಿಯವರಿಗೆ ಹೈಕೋರ್ಟ್ ಅಂದ್ರೆ ಬೆಂಗಳೂರೇ, ಧಾರವಾಡ ಅಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದ್ರೆ ರಾತ್ರಿ ಬಸ್ಸಿನ ಕತೆ ಗೊತ್ತುಂಟಲ್ಲ, ಅಫಿಡವಿಟಿಗೆ ಸೈನ್ ಹಾಕುದನ್ನು ಕೊನೇ ದಿನಕ್ಕೆ ಇಡ್ಬೇಡಿ, ನೋಟರಿ ಇಲ್ಲಿಯೇ ಮಾಡ್ಸಿ ಕಳ್ಸಿ.

8. ಡೋಪಿಂಗ್ ಆದ್ರೆ ರಸ್ತೆಯೇ ಬೇರೆ

ಇದಕ್ಕೆ ಲೀಗಿನ ಕಮಿಟಿ ಅಲ್ಲ, ನಾಡಾದ ಶಿಸ್ತು ಸಮಿತಿ, ಅದ್ರ ಮೇಲೆ ಅಪೀಲ್ ಸಮಿತಿ, ಅಂತಾರಾಷ್ಟ್ರೀಯ ಮಟ್ಟದ ಆಟಗಾರರಿಗೆ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯ, ಅಲ್ಲಿ ಬೇರೆ ಗಡುವು ಬರೆದಿರದಿದ್ರೆ 21 ದಿನ. ನೋಟೀಸ್ ಬಂದ ಕೂಡ್ಲೇ ಬಿ ಸ್ಯಾಂಪಲ್ (ಅದೇ ಹೊತ್ತಿಗೆ ತೆಗೆದಿಟ್ಟ ಎರಡನೇ ಬಾಟ್ಲಿ) ಟೆಸ್ಟ್ ಬೇಕಾ ಅಂತ ತೀರ್ಮಾನ ಮಾಡಿ, ತಿಂದ ಪೌಡರ್ ಡಬ್ಬ, ಬಿಲ್ಲು, ಡಾಕ್ಟರ್ ಚೀಟಿ ಎಲ್ಲ ಎತ್ತಿಡಿ. ಜಿಮ್ಮಿನವ ಲೂಸಲ್ಲಿ ಕೊಟ್ಟ ಪೌಡರಿಗೆ ಬಿಲ್ ಎಲ್ಲಿಂದ ತರುದು, ಅದೇ ದೊಡ್ಡ ಮಂಡೆಬಿಸಿ. 4 ವರ್ಷದ ಆರೋಪ ಇದ್ದಾಗ ಚಾರ್ಜ್ ನೋಟೀಸ್ ಸಿಕ್ಕಿದ 20 ದಿನದೊಳಗೆ ಒಪ್ಪಿಕೊಂಡು ಶಿಕ್ಷೆ ಸ್ವೀಕರಿಸಿದ್ರೆ 1 ವರ್ಷ ಕಮ್ಮಿ ಆಗುವ ದಾರಿ ಉಂಟು. ಇಲ್ಲಿ ಮಾತ್ರ "ಸಾರಿ" ಅನ್ನುವ ಮಾತಿಗೆ ಬೆಲೆ ಉಂಟು ಅಂತ ಇಟ್ಕೊಳ್ಳಿ, ಅದೂ ವಕೀಲರತ್ರ ಕೂತು ಲೆಕ್ಕ ಹಾಕಿ.

ನಿಷೇಧ ಇರುವಾಗ ಊರಿನ ಮ್ಯಾಚಲ್ಲವಾ ಅಂತ ಅಸೋಸಿಯೇಶನ್ ಅಡಿಯ ಟೂರ್ನಮೆಂಟಿಗೆ ಇಳೀಬೇಡಿ. ಡೋಪಿಂಗ್ ನಿಯಮದಲ್ಲಿ ಹಾಗೆ ಆಡಿದ್ರೆ ಮೂಲ ನಿಷೇಧದಷ್ಟೇ ಉದ್ದದ ಇನ್ನೊಂದು ನಿಷೇಧ ಸೇರ್ಬಹುದು.

9. ಫೈಟ್ ಮಾಡ್ಬೇಕಾ ಬೇಡ್ವಾ

ಕ್ಯಾಲೆಂಡರ್ ಎದುರು ಇಟ್ಕೊಂಡು ಕೂತ್ಕೊಳ್ಳಿ. 2 ಮ್ಯಾಚಿನ ಸಸ್ಪೆನ್ಶನಿಗೆ ಹೈಕೋರ್ಟ್ ಅಂದ್ರೆ ಹುಚ್ಚು, ಅಪೀಲ್ ಲಿಸ್ಟಿಗೆ ಬರುವಾಗ ನೀವು ಆಡ್ತಾ ಇರ್ತೀರಿ. ಸೀಸನ್ ಪೂರ್ತಿ ಹೋಗ್ತದೆ ಅಥವಾ ಹೆಸರಿಗೆ ಕಪ್ಪು ಚುಕ್ಕೆ ಬಂದು ಸರ್ಕಾರಿ ಸ್ಪೋರ್ಟ್ಸ್ ಕೋಟಾ ಕೆಲಸಕ್ಕೆ ಅಡ್ಡ ಆಗ್ತದೆ ಅಂತಾದ್ರೆ ಫೈಟ್ ಮಾಡಿ. ದುಡ್ಡಿಲ್ಲ ಅಂತ ಬಿಡ್ಬೇಡಿ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಮ್ಮಿ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಫ್ರೀ. ಮಾತುಕತೆಗೆ ಕರೆದ್ರೆ ಹೋಗಿ, ಅರ್ಧ ಶಿಕ್ಷೆ ಮತ್ತೆ ದಂಡಕ್ಕೆ ಮುಗೀತದೆ ಅಂದ್ರೆ ನಾನಾದ್ರೆ ಒಪ್ಪುತ್ತೇನೆ. ಪ್ರಾಕ್ಟೀಸ್ ಮಾತ್ರ ನಿಲ್ಲಿಸ್ಬೇಡಿ, ತಡೆ ಸಿಕ್ಕಿದ ದಿನ ಹೊಟ್ಟೆ ಬಂದಿದ್ರೆ ಕೋಚ್ ಬೇರೆ ಕಾರಣ ಹೇಳಿ ಬೆಂಚಲ್ಲೇ ಕೂರಿಸ್ತಾರೆ.

ವಕೀಲರತ್ರ ಹೋಗುವಾಗ ಕಾಂಟ್ರ್ಯಾಕ್ಟು, ಕೋಡು, ಬಂದ ಎಲ್ಲ ಮೇಲಿನ ಪ್ರಿಂಟು, ಶೆಡ್ಯೂಲು, ಪೆನ್‌ಡ್ರೈವು, ಆಧಾರು, ಎರಡು ಫೋಟೋ ತಗೊಂಡು ಹೋಗಿ. ಮತ್ತೆ ಚಾರ್ಜರ್ ತನ್ನಿ ಮಾರಾಯ್ರೆ, ಕೆಳಗಿನ ಜೆರಾಕ್ಸ್ ಅಂಗಡಿಯವ ಈಗ ಕೊಡುದಿಲ್ಲ, ಆವತ್ತು ಕೊಟ್ಟದ್ದನ್ನು ಆ ಹುಡುಗ ಕಿಸೆಯಲ್ಲಿ ಹಾಕ್ಕೊಂಡು ಕಾಪುವಿಗೆ ಹೋಗಿದ್ದಾನೆ.